ಶಿಖರ್ಜಿಗೆ ಗೊತ್ತು ಮಾಡಿದ ತಾರೀಖು

ಕಾಗವಾಡ
೧೩ ಸೆಪ್ಟೆಂಬರ್ ೨೦೨೫, ಶನಿವಾರ

ಪೂಜ್ಯ ಚಂದ್ರಮತಿ ಅಕ್ಕನವರಿಗೆ,

ನಿಮ್ಮ ನೆಗೆಣ್ಣಿ ಮನಿಷಾಳ ಜಯ ಜಿನೇಂದ್ರ. ಅಲ್ಲಿ ಚಾತುರ್ಮಾಸಕ್ಕೆ ನಿಂತಿರುವ ಆರ್ಯಿಕಾ ಮಾತಾಜಿಯವರಿಗೆ ನನ್ನ ವಂದಾಮಿ ತಿಳಿಸಿರಿ. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ರೂಢಿ, ಬರೆದೂಬಿಟ್ಟೆ. ಆದರೆ ನಾನೊಬ್ಬಳು ಕ್ಷೇಮವಾಗಿಲ್ಲ. ಜ್ವರ ಗಿರ ಏನೂ ಇಲ್ಲ, ಹೆದರಬೇಡಿರಿ. ನಿಮಗೆ ಹೇಗೆ ಮುಖ ತೋರಿಸುವುದು ಎಂಬ ನಾಚಿಕೆ, ಅಷ್ಟೇ. ಐದು ದಿನಗಳಿಂದ ಅದು ನನ್ನನ್ನು ಬಿಟ್ಟಿಲ್ಲ.

ಒಂದೇ ಗೋಡೆಯ ಆಚೆ ಈಚೆ ಹದಿನಾರು ವರ್ಷ ಬಾಳಿದವರು ನಾವು. ಹೆಪ್ಪಿಗೆ ಮಜ್ಜಿಗೆ ಬೇಕಾದರೂ ಗೋಡೆ ತಟ್ಟಿದರೆ ಸಾಕಾಗುತ್ತಿತ್ತು. ನಿಮಗೆ ಕಾಗದ ಬರೆಯುವ ಪ್ರಸಂಗ ಇದೇ ಮೊದಲು. ಚಾತುರ್ಮಾಸ ಮುಗಿಯುವವರೆಗೆ ಮೊಬೈಲ್ ಮುಟ್ಟುವುದಿಲ್ಲ ಎಂದು ನೀವು ನೇಮ ಹಿಡಿದಿದ್ದೀರಿ. ಹಿಡಿಯದಿದ್ದರೂ ಇದನ್ನು ಫೋನಿನಲ್ಲಿ ಹೇಳುವ ಧೈರ್ಯ ನನಗಿರಲಿಲ್ಲ. ರಾಯಬಾಗಕ್ಕೆ ಬಂದು ಎದುರಿಗೆ ಕೂತರೆ ಮಾತನ್ನು ಬೇರೆ ಕಡೆ ತಿರುಗಿಸುವ ನನ್ನ ಗುಣ ನಿಮಗೆ ಗೊತ್ತೇ ಇದೆ. ಕಾಗದದಲ್ಲಿ ತಿರುಗಿಸಿದರೆ ಹರಿದು ಮತ್ತೆ ಬರೆಯಬಹುದು. ಇದು ಮೂರನೆಯ ಸಲ ಬರೆಯುತ್ತಿರುವುದು.

ವಿಷಯ ಶಿಖರ್ಜಿ ಪ್ರವಾಸದ್ದು.

ಮಕ್ಕಳ ಪರೀಕ್ಷೆ ಮುಗಿದ ವಾರ ನಿಮ್ಮ ಮೈದುನ ಊಟದ ಹೊತ್ತಿನಲ್ಲಿ ಈ ಮಾತು ತೆಗೆದದ್ದು ನೆನಪಿರಬೇಕು. ರೈಲು ಬೇಡ, ಯಾತ್ರೆಯ ಬಸ್ಸೂ ಬೇಡ, ನಮ್ಮದೇ ಒಂದು ಗಾಡಿ ಮಾಡಿಕೊಂಡು ಸೊಲ್ಲಾಪುರ, ನಾಂದೇಡ, ನಾಗಪುರ, ರಾಯಪುರ, ರಾಂಚಿ ದಾಟಿ ಎರಡು ಸಾವಿರ ಕಿಲೋಮೀಟರ್ ಹೋಗೋಣ, ದಾರಿಯಲ್ಲಿ ಬಸದಿಯ ಅಂಗಳ ಸಿಕ್ಕಲ್ಲಿ ಟೆಂಟ್ ಹೊಡೆಯೋಣ, ನಮ್ಮ ಒಲೆ, ನಮ್ಮ ನೀರು, ನಮ್ಮ ಅಡಿಗೆ ಎಂದರು. ದಿನವಿಡೀ ಡ್ರಿಪ್ ಪೈಪು ಮಾರುವ ಮನುಷ್ಯನಿಗೆ ಇಂಥ ಹುಚ್ಚು ಎಲ್ಲಿಂದ ಹತ್ತಿತೋ. ಮಯೂರಿ, ಅಭಿ ಇಬ್ಬರೂ ತಾಟು ಬಿಟ್ಟು ಎದ್ದು ಕುಣಿದರು. ನೀವು ಮಾತ್ರ, ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕಾದರೆ ಗಾಡಿ ಎಷ್ಟು ಗಂಟೆಗೆ ನಿಲ್ಲಬೇಕು ಎಂದು ಕೇಳಿದಿರಿ. ನೀವು ಮನಸ್ಸಿನಲ್ಲಿ ಆಗಲೇ ಹೊರಟಾಗಿದೆ ಎಂದು ನಮಗೆಲ್ಲ ತಿಳಿಯಿತು.

ಆನ್‌ಲೈನಿನಲ್ಲಿ ತರಿಸಿದ ಎರಡು ಟೆಂಟುಗಳನ್ನು ಮಾಳಿಗೆಯ ಮೇಲೆ ಹೊಡೆದು ನೋಡಿದ ಭಾನುವಾರ ಎಷ್ಟು ನಕ್ಕಿದ್ದೆವು. ಹೊಡೆಯಲು ಹತ್ತು ನಿಮಿಷ, ಮಡಚಿ ಮತ್ತೆ ಅದೇ ಚೀಲಕ್ಕೆ ತುಂಬಲು ಮಧ್ಯಾಹ್ನ. ನೀವು ಒಳಗೆ ಕಾಲು ಚಾಚಿ ಕೂತು, ಇದು ಸೊಳ್ಳೆ ಪರದೆಗೆ ಅಂಗಿ ತೊಡಿಸಿದ ಹಾಗಿದೆ ಎಂದಿರಿ. ಮರುದಿನದಿಂದಲೇ ಬೆಳಿಗ್ಗೆ ಉಗಾರ ರಸ್ತೆಯಲ್ಲಿ ಬರಿಗಾಲಲ್ಲಿ ನಡೆಯಲು ಶುರು ಮಾಡಿದಿರಿ. ಬೆಟ್ಟ ಹತ್ತಿ, ತೀರ್ಥಂಕರರ ಪಾದಗಳಿರುವ ಎಲ್ಲ ಟೊಂಕುಗಳ ದರ್ಶನ ಮಾಡಿ, ಇಳಿದು ಬರುವುದು ಇಪ್ಪತ್ತೇಳು ಕಿಲೋಮೀಟರ್. ಡೋಲಿಯ ಮಾತು ಎತ್ತಿದರೆ, ಇನ್ನೊಬ್ಬರ ಹೆಗಲ ಮೇಲೆ ಕೂತು ಮಾಡುವ ಯಾತ್ರೆ ತಮಗೆ ಬೇಡ ಎಂದಿರಿ. ನಿಮ್ಮ ಎಡ ಮೊಣಕಾಲು ಇನ್ನೊಂದು ವರ್ಷದ ಮೇಲೆ ಇಷ್ಟು ನಡಿಗೆ ತಡೆಯುವುದಿಲ್ಲ ಎಂದು ಮಿರಜಿನ ಡಾಕ್ಟರು ಹೇಳಿದಾಗ ಪಕ್ಕದ ಕುರ್ಚಿಯಲ್ಲಿ ಕೂತಿದ್ದವಳು ನಾನೇ. ಬಾಹುಬಲಿ ಭಾವನವರು ಇದ್ದಾಗ ನೀವಿಬ್ಬರೂ ಎರಡು ಸಲ ಹೊರಟು ಎರಡು ಸಲವೂ ತಪ್ಪಿತ್ತು. ಈ ವರ್ಷ ತಪ್ಪಿದರೆ ನೀವು ಆ ಬೆಟ್ಟ ನಡೆದು ಹತ್ತುವ ಮಾತೇ ಇಲ್ಲ. ಇಷ್ಟೆಲ್ಲ ತಿಳಿದೂ ನಾನು ಏನು ಮಾಡಿದೆ ಎಂಬುದನ್ನು ಈಗ ಬರೆಯುತ್ತೇನೆ.

ದೀಪಾವಳಿ ಮುಗಿದ ಮರುವಾರ ಹೊರಡುವುದೆಂದು ಎಲ್ಲರೂ ಕೂಡಿಯೇ ಗೊತ್ತು ಮಾಡಿದ್ದೆವು. ಆ ಭರವಸೆಯ ಮೇಲೆ ನೀವು ಜುಲೈ ತಿಂಗಳಲ್ಲಿ ಮಾತಾಜಿಯವರ ಆಹಾರ ತಯಾರಾಗುವ ಚೌಕಾದ ಸೇವೆಗೆ ರಾಯಬಾಗಕ್ಕೆ ಹೋದಿರಿ. ದೀಪಾವಳಿಯವರೆಗೆ ಆ ಊರಿನ ಎಲ್ಲೆ ದಾಟುವುದಿಲ್ಲ ಎಂಬ ವ್ರತ, ಮೊಬೈಲಿನ ನೇಮ, ಎರಡನ್ನೂ ಹಿಡಿಯುವ ಹಿಂದಿನ ದಿನ ನನಗೇ ಫೋನ್ ಮಾಡಿ ಕೇಳಿದಿರಿ. "ತಾರೀಖು ಪಕ್ಕಾ ಐತೇನ, ಮನಿಷಾ? ಒಮ್ಮಿ ವ್ರತಾ ತಗೊಂಡ್ರ ನಡುವ ಮುರಿಯಾಕ ಬರಂಗಿಲ್ಲ." ಪಕ್ಕಾ ಎಂದೆ.

ಅದಾದ ಹತ್ತನೆಯ ದಿನ ನಾನು ತಾರೀಖನ್ನು ದಸರಾ ರಜೆಗೆ ಎಳೆದೆ.

ನಾವು ಗೊತ್ತು ಮಾಡಿದ್ದ ನಿಪ್ಪಾಣಿಯ ಶಿವಾಜಿಯವರ ಕ್ರೂಸರ್ ಗಾಡಿ ದೀಪಾವಳಿಯಿಂದ ನವೆಂಬರ್ ಕೊನೆಯವರೆಗೂ ಮದುವೆಗಳಿಗೆ ಬುಕ್ ಆಗಿದೆ ಎಂದು ಮನೆಯಲ್ಲಿ ಹೇಳಿದೆ. ಮಯೂರಿ ಹತ್ತನೆಯ ಕ್ಲಾಸು, ಶಾಲೆ ನಡೆಯುವಾಗ ರಜೆ ಕೊಡುವುದಿಲ್ಲ ಎಂದೂ ಹೇಳಿದೆ. ಎರಡೂ ಸುಳ್ಳು. ಶಿವಾಜಿಯವರಿಗೆ ಫೋನ್ ಮಾಡಿದವಳು ನಾನು. ಅವರು "ಕಧೀಹಿ ಸಾಂಗಾ ವಹಿನಿ, ಗಾಡಿ ತುಮ್‌ಚೀಚ್ ಆಹೇ" ಎಂದಿದ್ದರು. ಯಾವಾಗ ಬೇಕಾದರೂ ಹೇಳಿ, ಗಾಡಿ ನಿಮ್ಮದೇ ಎಂದ ಮನುಷ್ಯನ ಹೆಸರಿನಲ್ಲಿ ನಾನು ಒಂದು ತಿಂಗಳ ಮದುವೆಗಳನ್ನು ಹುಟ್ಟಿಸಿದೆ. ಮಯೂರಿಯ ಹೆಡ್ ಮಾಸ್ತರರನ್ನು ಕೇಳಲೇ ಇಲ್ಲ. ನಾನೇ ಶಾಲೆಯಲ್ಲಿ ಕಲಿಸುವವಳು, ರಜೆಯ ವಿಷಯದಲ್ಲಿ ನನ್ನ ಮಾತನ್ನು ಯಾರು ಅಲ್ಲಗಳೆಯುತ್ತಾರೆ? ನೀವು ಬರುವುದು ಬೇಡ ಎಂದು ನಾನು ಬಾಯಿ ಬಿಟ್ಟು ಹೇಳುವ ಪ್ರಮೇಯವೇ ಬರಲಿಲ್ಲ. ನಿಮ್ಮ ವ್ರತವೇ ನಿಮ್ಮನ್ನು ಹಿಡಿದು ನಿಲ್ಲಿಸುತ್ತದೆ ಎಂದು ಲೆಕ್ಕ ಹಾಕಿದ್ದೆ.

ಆ ಸುದ್ದಿ ಹೇಳಲು ನಾವಿಬ್ಬರೂ ರಾಯಬಾಗಕ್ಕೆ ಬಂದಾಗ ನೀವು ನೀರು ಸೋಸುತ್ತಿದ್ದಿರಿ. ಕೇಳಿ, ಸೋಸುವ ಬಟ್ಟೆಯನ್ನು ಹಿಂಡದೆ ಹಾಗೇ ಬದಿಗಿಟ್ಟಿರಿ. ಆಮೇಲೆ, "ಹೋಗಿ ಬರ್ರಿ. ಹುಡುಗ್ರ ಸಾಲಿ ಮುಖ್ಯ. ಗುಡ್ಡ ಎಲ್ಲಿ ಓಡಿ ಹೋಗ್ತೈತಿ?" ಎಂದಿರಿ. ಒಳಗೆ ಹೋಗಿ, ಬೆಟ್ಟ ಹತ್ತಲೆಂದು ನೀವೇ ಹೊಲಿದಿದ್ದ ದಪ್ಪ ಬಟ್ಟೆಯ ಕಾಲುಚೀಲಗಳನ್ನು ತಂದು ಕೊಟ್ಟಿರಿ. ಐದು ಜೊತೆ ಇದ್ದವು. ನಿಮ್ಮದನ್ನು ನೀವೇ ಇಟ್ಟುಕೊಳ್ಳಿ ಎಂದು ಇವರು ಹೇಳಿದರೆ, ಮನಿಷಾಳ ಪಾದವೂ ತಮ್ಮದೇ ಅಳತೆ, ಒಂದು ಒದ್ದೆಯಾದರೆ ಇನ್ನೊಂದು ಇರಲಿ ಎಂದಿರಿ. ನಾನು ತೆಗೆದುಕೊಂಡೆ. ತೆಗೆದುಕೊಂಡು ಚೀಲದಲ್ಲಿಟ್ಟು ನಿಮ್ಮ ಕೈಯ ಚಹಾ ಕುಡಿದು ಬಂದೆ.

ಯಾಕೆ ಹೀಗೆ ಮಾಡಿದೆ ಎಂದು ನೀವು ಕೇಳುತ್ತೀರಿ. ಹರಿದು ಹಾಕಿದ ಮೊದಲ ಎರಡು ಕಾಗದಗಳಲ್ಲಿ, ನಿಮ್ಮ ನೇಮಗಳಿಗೆ ಹೆದರಿದೆ ಎಂದು ಬರೆದಿದ್ದೆ. ಗಡ್ಡೆ ಗೆಣಸು ಇಲ್ಲ, ಸೋಸದ ನೀರಿಲ್ಲ, ಹೊತ್ತು ಮುಳುಗಿದ ಮೇಲೆ ಹನಿ ನೀರಿಲ್ಲ, ಎರಡು ಸಾವಿರ ಕಿಲೋಮೀಟರ್ ಇದನ್ನೆಲ್ಲ ನಿಭಾಯಿಸುವವರು ಯಾರು ಎಂದು. ಓದಲು ಚೆನ್ನಾಗಿತ್ತು. ಆದರೆ ಅಡಿಗೆಯ ಯಾದಿಯನ್ನು ನೀವೇ ಮಾಡಿದ್ದಿರಿ, ಮಾಡುವವರೂ ನೀವೇ ಆಗಿದ್ದಿರಿ. ನನಗೆ ಯಾವ ತೊಂದರೆಯೂ ಇರಲಿಲ್ಲ.

ನಿಜ ಇಷ್ಟು. ನೀವು ರಾಯಬಾಗಕ್ಕೆ ಹೋದ ಮೇಲೆ ಒಂದು ಸಂಜೆ ಅಭಿ ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂದೆ ಪ್ರವಾಸದ ನಕ್ಷೆ ಬರೆಯುತ್ತಿದ್ದ. ಯಾವ ಊರಿನಲ್ಲಿ ಎಷ್ಟು ಗಂಟೆಗೆ ನಿಲ್ಲುವುದು, ಯಾರು ಗೂಟ ಬಡಿಯುವುದು, ಯಾರು ನೀರು ತರುವುದು, ಎಲ್ಲವೂ ಇತ್ತು. ಕೆಳಗೆ ಎರಡು ಟೆಂಟಿನ ಚಿತ್ರ. ಒಂದರೊಳಗೆ ಪಪ್ಪಾ, ಮಮ್ಮಿ, ಮಯೂರಿ ಎಂದು ಬರೆದಿದ್ದ. ಇನ್ನೊಂದರೊಳಗೆ ನಾನು, ದೊಡ್ಡವ್ವ ಎಂದು ಬರೆದಿದ್ದ. ನಾನೂ ನಿಮ್ಮ ಟೆಂಟಿಗೆ ಬರಲೇ ಎಂದು ಅವನನ್ನು ನಗುತ್ತಲೇ ಕೇಳಿದೆ. ಅವನು ತಲೆ ಎತ್ತದೆ, ಅದರಲ್ಲಿ ಇಬ್ಬರಿಗೇ ಜಾಗ ಎಂದ.

ಹದಿಮೂರು ವರ್ಷದ ಹುಡುಗನ ಮಾತು, ಅದರಲ್ಲಿ ಕೆಟ್ಟದ್ದು ಏನೂ ಇರಲಿಲ್ಲ. ಅವನಿಗೆ ಮೂರು ತಿಂಗಳು ತುಂಬುವ ಮೊದಲೇ ನಾನು ಶಾಲೆಯ ಕೆಲಸಕ್ಕೆ ಹೋದೆ. ಎತ್ತಿ ಆಡಿಸಿದವರು, ಉಣಿಸಿದವರು, ಮೈಮೇಲೆ ಗೊಬ್ಬರದ ಗುಳ್ಳೆ ಎದ್ದಾಗ ಬೇವಿನ ತೊಪ್ಪಲು ಹಾಸಿ ಕಾದವರು ನೀವು. ನೀವು ಊರಲ್ಲಿದ್ದರೆ, ಶಾಲೆಯಿಂದ ಬಂದ ಅವನ ಚೀಲ ಇವತ್ತಿಗೂ ಬೀಳುವುದು ನಿಮ್ಮ ಪಡಸಾಲೆಯಲ್ಲಿ, ಅವನು ಮಲಗುವುದೂ ನಿಮ್ಮಲ್ಲೇ. ನಾಲ್ಕು ಮಂದಿಯ ಮುಂದೆ, ನಮ್ಮ ಅಕ್ಕ ಇಲ್ಲದಿದ್ದರೆ ನನ್ನ ನೌಕರಿ ಎಲ್ಲಿಯದು ಎಂದು ಹೊಗಳುತ್ತೇನೆ. ಹೊಗಳಿ ಒಳಗೆ ಬಂದು ಅವನ ಖಾಲಿ ಹಾಸಿಗೆ ನೋಡಿ ಹೊಟ್ಟೆ ಉರಿದುಕೊಳ್ಳುತ್ತೇನೆ. ಅಕ್ಕ, ನನಗೆ ನಿಮ್ಮ ಮೇಲೆ ಹೊಟ್ಟೆಕಿಚ್ಚು. ಈ ಪ್ರವಾಸದ ಇಪ್ಪತ್ತು ದಿನ ಮಗ ನನ್ನ ಪಕ್ಕದಲ್ಲಿ ಮಲಗಲಿ, ಹಸಿವಾದರೆ ನನ್ನನ್ನು ಕೇಳಲಿ, ಬೆಟ್ಟದಲ್ಲಿ ನನ್ನ ಕೈ ಹಿಡಿಯಲಿ ಎಂಬ ಆಸೆ ಹುಟ್ಟಿತು. ಅದಕ್ಕಾಗಿ ನಿಮ್ಮ ಬೆಟ್ಟವನ್ನು ಕಸಿದುಕೊಂಡೆ.

ಹೋದ ಸೋಮವಾರ ಕ್ಷಮಾವಾಣಿ. ಬೆಳಿಗ್ಗೆ ಎದ್ದವಳೇ, ಮನ, ವಚನ, ಕಾಯದಿಂದ ತಿಳಿದೋ ತಿಳಿಯದೆಯೋ ನೋಯಿಸಿದ್ದರೆ ಕ್ಷಮಿಸಿ ಎಂಬ ಹೂವಿನ ಚಿತ್ರವನ್ನು ಇಡೀ ಕಾಗವಾಡಕ್ಕೆ ಕಳಿಸಿದೆ. ಹಾಲು ಕೊಡುವವರಿಗೂ ಹೋಗಿತ್ತು. ನಿಮ್ಮ ಬಂದ್ ಇದ್ದ ಮೊಬೈಲಿಗೂ ಕಳಿಸಿದೆ. ಎಲ್ಲರೂ ಕೈ ಮುಗಿದ ಚಿತ್ರ ತಿರುಗಿ ಕಳಿಸಿದರು, ನನ್ನ ವರ್ಷದ ಕೆಲಸ ಮುಗಿಯಿತು ಎಂದು ಇಡ್ಲಿ ಹಾಕಲು ಕೂತೆ.

ಸಂಜೆ ರಾಯಬಾಗದಿಂದ ಬಂದ ಇವರು ನೀವು ಕೊಟ್ಟ ಚೀಟಿಯನ್ನು ನನ್ನ ಕೈಗಿಟ್ಟರು. ನೀವು ಬರೆದದ್ದು ನಿಮಗೆ ಗೊತ್ತಿದೆ, ಆದರೂ ಇಲ್ಲಿ ಇನ್ನೊಮ್ಮೆ ಬರೆಯುತ್ತೇನೆ, ಯಾಕೆಂದರೆ ಅದು ನನಗೆ ಬಾಯಿಪಾಠವಾಗಿದೆ.

"ಮನಿಷಾ, ಅಭಿ ನನ್ನ ಮಗ್ಗಲಾಗ ಮಲಗಿದಾಗೆಲ್ಲಾ ನಿನ್ನ ಮಾರಿ ಸಣ್ಣದಾಗೂದು ನನಗ ಕಾಣತಿತ್ತು. ಕಂಡೂ ಕಾಣದಂಗ ಇದ್ದೆ. ಅವನನ್ನ ನಿನ್ನ ಕಡೆ ಕಳಸಬೇಕಿತ್ತು, ಆಸೆಗೆ ಬಿದ್ದು ಕಳಸಲಿಲ್ಲ. ಇದು ತಿಳಿದ ಮಾಡಿದ ತಪ್ಪು. ಕ್ಷಮಾ ಮಾಡು. ಈ ಪ್ರವಾಸದಾಗ ಅವ ನಿನ್ನ ಕೂಡ ಮಲಗಲಿ. ನಾ ಬರೂದು ತಪ್ಪಿದ್ದು ಚಲೋನ ಆತು."

ಓದಿ ನನಗೆ ಅಳು ಬರಲಿಲ್ಲ. ಯಾರೋ ನನ್ನನ್ನು ಹಿಡಿದು ಬೀದಿಯಲ್ಲಿ ನಿಲ್ಲಿಸಿದ ಹಾಗಾಯಿತು. ಕ್ಷಮೆ ಕೇಳಬೇಕಾದವಳು ಹೂವಿನ ಚಿತ್ರ ಕಳಿಸಿದ್ದೆ, ಕೇಳಬೇಕಾಗಿಲ್ಲದ ನೀವು ನಿಮ್ಮ ಕೈಯಾರೆ ಬರೆದಿದ್ದಿರಿ.

ಮರುದಿನ ಇವರಿಗೆ ಎಲ್ಲವನ್ನೂ ಹೇಳಿದೆ. ನಿಮ್ಮ ಮೈದುನ ಬೈಯುವ ಪೈಕಿ ಅಲ್ಲ, ಬೈದಿದ್ದರೆ ಚೆನ್ನಾಗಿತ್ತು. "ವೈನಿ ಕಾಲು ಮುಂದಿನ ವರ್ಷಕ್ಕ ಕಾಯಂಗಿಲ್ಲ ಅನ್ನೂದು ನಿನಗ ಗೊತ್ತಿತ್ತಲ್ಲ" ಎಂದಷ್ಟೇ ಹೇಳಿ, ಉಣ್ಣದೆ ಅಂಗಡಿಗೆ ಹೋದರು. ಇವತ್ತಿನವರೆಗೂ ನನ್ನೊಂದಿಗೆ ಬೇಕಾದಷ್ಟೇ ಮಾತು. ಅಭಿಗೂ ಎಲ್ಲ ಹೇಳಿದ್ದೇನೆ.

ಶಿವಾಜಿಯವರಿಗೆ ಫೋನ್ ಮಾಡಿ ತಾರೀಖು ಬದಲಿಸಿದ್ದೇನೆ. ಅಕ್ಟೋಬರ್ ೨೭, ಸೋಮವಾರ. ದೀಪಾವಳಿ ಮುಗಿದು ನಿಮ್ಮ ವ್ರತ ಪೂರ್ಣವಾಗಿರುತ್ತದೆ. ಮಯೂರಿಯ ಹೆಡ್ ಮಾಸ್ತರರು, ಪುಸ್ತಕಗಳನ್ನು ಜೊತೆಗೆ ಒಯ್ಯುವುದಾದರೆ ಅಡ್ಡಿಯಿಲ್ಲ ಎಂದರು. ಒಂದು ಮಾತು ಕೇಳಿದ್ದರೆ ಜುಲೈನಲ್ಲೂ ಅದನ್ನೇ ಹೇಳುತ್ತಿದ್ದರು.

ಆದರೆ ತಾರೀಖು ತಿರುಗಿಸಿದಷ್ಟು ಸುಲಭವಾಗಿ ಎಲ್ಲವೂ ತಿರುಗುವುದಿಲ್ಲ. ನಾವು ಬಂದು ಹೋದ ಮೇಲೆ ನೀವು ಬೆಳಗಿನ ನಡಿಗೆ ಬಿಟ್ಟಿದ್ದೀರಿ, ಈಗ ಬಸದಿಯ ಮೆಟ್ಟಿಲು ಇಳಿಯುವಾಗಲೂ ಗೋಡೆ ಹಿಡಿಯುತ್ತೀರಿ ಎಂದು ಇವರು ಹೇಳಿದರು. ಒಂದೂವರೆ ತಿಂಗಳ ನಡಿಗೆಯನ್ನು ನಾನು ನಿಮ್ಮ ಕಾಲಿನಿಂದ ತೆಗೆದಿದ್ದೇನೆ, ಅದನ್ನು ಎಲ್ಲಿಂದ ತಂದು ಕೊಡಲಿ? ಇನ್ನೂ ಆರು ವಾರ ಇದೆ. ಆಗುವುದಾದರೆ ಊರಿನ ಎಲ್ಲೆಯೊಳಗೇ ದಿನಕ್ಕೆ ಸ್ವಲ್ಪ ಸ್ವಲ್ಪ ನಡೆಯಿರಿ. ಬೆಟ್ಟ ಅರ್ಧ ಹತ್ತಿ ಸಾಕು ಎನಿಸಿದರೆ ನಿಮ್ಮ ಜೊತೆ ನಾನೂ ಅಲ್ಲಿಯೇ ಕೂರುತ್ತೇನೆ. ನಿನ್ನೊಂದಿಗೆ ನನಗೆ ಯಾತ್ರೆ ಬೇಡ ಎಂದು ನೀವು ಹೇಳಿದರೂ ಅದು ನ್ಯಾಯವೇ. ಆಗ ಇವರು ಮತ್ತು ಮಕ್ಕಳು ನಿಮ್ಮನ್ನು ಕರೆದೊಯ್ಯಲಿ, ನಾನು ಮನೆಯಲ್ಲಿರುತ್ತೇನೆ.

ಕ್ಷಮಿಸಿರಿ ಎಂದು ಬರೆಯಲು ಕೈ ಬರುತ್ತಿಲ್ಲ. ಆ ಪದವನ್ನು ಸೋಮವಾರವೇ ಎಲ್ಲರಿಗೂ ಹಂಚಿ ಮುಗಿಸಿದ್ದೇನೆ. ನಾನು ತಿಳಿದೇ ಮಾಡಿದೆ ಎಂದಷ್ಟೇ ಬರೆಯುತ್ತೇನೆ.

ನಿಮ್ಮ ಗೋಡೆಯಾಚೆಯ
ಮನಿಷಾ

ತಾ. ಕ.: ಅಕ್ಕ, ಅಭಿಗೂ ಎಲ್ಲ ಹೇಳಿದ್ದೇನೆ ಎಂದು ಮೇಲೆ ಬರೆದದ್ದು ಸುಳ್ಳು. ಸಹಿ ಹಾಕಿ ಓದುವಾಗ ಕಣ್ಣಿಗೆ ಬಿತ್ತು. ನಾಲ್ಕನೆಯ ಸಲ ಬರೆದರೆ ಈ ಸುಳ್ಳು ನಿಮಗೆ ಗೊತ್ತೇ ಆಗುವುದಿಲ್ಲ, ಅದಕ್ಕೆ ಹಾಗೆಯೇ ಬಿಟ್ಟಿದ್ದೇನೆ. ದೀಪಾವಳಿ ಆದ ಮೇಲೆ ಗಾಡಿ ಸಿಕ್ಕಿತು, ದೊಡ್ಡವ್ವನೂ ಬರಬಹುದು ಎಂದಷ್ಟೇ ಅವನಿಗೆ ಹೇಳಿದೆ. ಅವನು ಓಡಿ ಬಂದು ನನ್ನನ್ನು ಅಪ್ಪಿಕೊಂಡು, "ಮಮ್ಮಿ, ದೊಡ್ಡವ್ವನ ಸಲುವಾಗಿ ನೀನ ಮಾಡಿದಿ ಹೌದಲ್ಲ ಇದನ್ನ? ನನಗ ಗೊತ್ತಿತ್ತು" ಎಂದ. ಅವನು ತಾನಾಗಿ ನನ್ನನ್ನು ಅಪ್ಪಿಕೊಂಡು ಎಷ್ಟು ವರ್ಷವಾಗಿತ್ತೋ. ನಾನು ಹೌದು ಎಂದುಬಿಟ್ಟೆ. ನಾಳೆ ನಮ್ಮ ಅಂಗಡಿಯ ಭೀಮಸಿ ಪೈಪು ಇಳಿಸಲು ರಾಯಬಾಗಕ್ಕೆ ಬರುತ್ತಾನೆ, ಅಭಿ ಅವನ ಗಾಡಿಯಲ್ಲಿ ಬಂದು ಈ ಕಾಗದ ಕೊಡುತ್ತಾನೆ. ನೀವು ಓದಿದ ಮೇಲೆ ಅವನಿಗೂ ಓದಲು ಕೊಡಿರಿ. ನನ್ನ ಪರವಾಗಿ ಒಂದು ಮಾತನ್ನೂ ಆಡಬೇಡಿರಿ. ಓದಿ, ಮನೆಗೆ ಹೋಗುವುದಿಲ್ಲ ಎಂದರೆ ಒತ್ತಾಯ ಮಾಡಬೇಡಿರಿ. ಅವನಿಗೆ ತಿಳಿಯದ ಹಾಗೆ ಎರಡು ಜೊತೆ ಬಟ್ಟೆ, ಶಾಲೆಯ ಸಮವಸ್ತ್ರ ಭೀಮಸಿಯ ಕೈಗೆ ಕೊಟ್ಟಿದ್ದೇನೆ.