ಬೈಕ್ ಹಿಡಿಯಲು ಒಬ್ಬರು ಬೇಕು

ಅಕ್ಕಾ,

ಬೈಕ್ ಕೊಂಡೆನೆಂದು ನೀನು ಮಾತು ಬಿಟ್ಟಿದ್ದೀಯ, ಇರಲಿ. ಈಗೊಂದು ಸಣ್ಣ ಕೆಲಸವಿದೆ.

ಕಾಲಿಡುವ ಪೆಗ್‌ಗಳನ್ನು ಹಿಂದಕ್ಕೂ ಮೇಲಕ್ಕೂ ಸರಿಸುವ ರಿಯರ್‌ಸೆಟ್ ತಂದಿದ್ದೇನೆ. ಹಗುರವಾದದ್ದೂ ಇತ್ತು, ಆದರೆ ಅದರಲ್ಲಿ ಹಿಂದೆ ಕೂರುವವರಿಗೆ ಪೆಗ್ ಇರಲಿಲ್ಲ, ಬೇಡವೆಂದೆ. ಪೆಗ್ ಎತ್ತರ ಹೊಂದಿಸಲು ಇದರಲ್ಲಿ ಹಲವು ತೂತುಗಳಿವೆ; ಯಾವ ತೂತಿಗೆ ಬೋಲ್ಟ್ ಹಾಕಬೇಕೆಂದು ತಿಳಿಯಲು ನಾನು ಎರಡೂ ಕಾಲು ಮೇಲಿಟ್ಟು ಕೂರಬೇಕು, ಇನ್ನೊಬ್ಬರು ಬೈಕನ್ನು ನೇರವಾಗಿ ಹಿಡಿದಿರಬೇಕು. ಗೋಡೆಗೆ ಒರಗಿಸಿ ಕೂತು ನೋಡಿದೆ. ಮೊಣಕಾಲು ತೀರಾ ಮಡಚಿಕೊಂಡಿದೆಯೇ ಎಂದು ಗೋಡೆ ಹೇಳುವುದಿಲ್ಲವಲ್ಲ.

ಭಾನುವಾರ ಬರುತ್ತೀಯಾ? ಬೈಯುತ್ತಲೇ ಹಿಡಿದುಕೋ, ಪರವಾಗಿಲ್ಲ.

ಮೆಕ್ಯಾನಿಕ್, “ತಗೊಂಡ್ ಬಾಮ್ಮ, ನಾನೇ ಹಿಡ್ಕೋತೀನಿ, ಐದೇ ನಿಮಿಷದ ಕೆಲಸ” ಎಂದರು.

“ಬೇಡಣ್ಣ, ನಂಗೆ ಅಕ್ಕ ಇದ್ದಾಳೆ” ಎಂದುಬಿಟ್ಟೆ.

ನಿನ್ನ ತಂಗಿ