ರಾಣಿಯನ್ನು ಬಿಟ್ಟು

ಭಾನುವಾರ, ಮಧ್ಯಾಹ್ನ

ಕಿಟಕಿ ಪಕ್ಕದ ಕುರ್ಚಿಯನ್ನು ಸಿಂಹಾಸನದಂತೆ ಅಲಂಕರಿಸಿರುವ ಮಾತೃಶ್ರೀಯವರೇ! ಚಪ್ಪಲಿಯನ್ನೂ ಕಳಚದೆ ಬಾಗಿಲಿಗೆ ಒರಗಿ ನಿಂತಿರುವ ಭಾವನವರೇ! ಮೇಲಿನ ಮನೆಯಿಂದ ಯಾರೂ ಕರೆಯದೆಯೇ ಇಳಿದು ಬಂದಿರುವ ಮೇಷ್ಟರೇ! ಮತ್ತು ಈ ಕಾಗದವನ್ನು ಮುಖ ಗಂಟಿಕ್ಕಿಕೊಂಡು ಓದುತ್ತಿರುವ ನನ್ನ ಒಡಹುಟ್ಟಿದ ತಂಗೀ! ನೆರೆದ ಸಭೆಗೆ ಗುಡುಗಣ್ಣನ ಅಡ್ಡಬಿದ್ದ ನಮಸ್ಕಾರ. ಗದ್ದಲ ಬೇಡ. ಫ್ಯಾನು ಸ್ವಲ್ಪ ನಿಧಾನ ಮಾಡಿ, ಹಾಳೆ ಹಾರೀತು. ತಂಗೀ, ಗಂಟಲು ಸರಿಮಾಡಿಕೋ. ನನ್ನ ಮಾತನ್ನು ನನ್ನ ಹಾಗೆಯೇ ಓದಬೇಕು. ಪಡಿತರದ ಅಂಗಡಿಯಲ್ಲಿ ಹೆಸರು ಕೂಗಿದ ಹಾಗೆ ಓದಿದರೆ ನನಗೆ ಇಲ್ಲಿಗೇ ಕೇಳಿಸುತ್ತದೆ.

ಫೋನು ಯಾಕೆ ಮಾಡಲಿಲ್ಲ ಎಂದು ತಂಗಿಯ ಹುಬ್ಬು ಈಗಾಗಲೇ ಮೇಲೇರಿರಬೇಕು. ತಂಗೀ, ನೀನೇ ಅಲ್ಲವೇ ಅಂದದ್ದು, “ನಿನ್ನ ಫೋನು ಬೇಡಪ್ಪ ಅಣ್ಣ, ನಾನು ಹಲೋ ಅನ್ನೋದ್ರೊಳಗೆ ನಿನ್ನ ಮೂರನೇ ಅಂಕ ಮುಗಿದಿರುತ್ತೆ” ಎಂದು? ಅದಕ್ಕೇ ಕಾಗದ. ಕಾಗದವನ್ನು ಮಡಚಿಟ್ಟರೆ ನಾನು ಸುಮ್ಮನಾಗುತ್ತೇನೆ, ನಿನಗೆ ಅನುಕೂಲ. ಭಾವ ಕೆಲಸದ ಮೇಲೆ ಇಲ್ಲಿಗೆ ಬಂದಿದ್ದವರು ಸಂಜೆಯೊಳಗೆ ಮನೆ ಸೇರುತ್ತಾರಂತೆ. ಅವರ ಜೇಬಿನಲ್ಲೇ ಕಳಿಸುತ್ತಿದ್ದೇನೆ.

ಮೇಷ್ಟರಿಗೆ ಹಿಂದಿನ ಅಂಕಗಳು ಗೊತ್ತಿಲ್ಲವಾದ್ದರಿಂದ ಮೊದಲು ಸಾರಾಂಶ. ನಾವು ಅಣ್ಣ ತಂಗಿ ಮೇಜಿನ ಮೇಲೆ ಆಡುವ ಆಟಗಳನ್ನು ಹೆಣೆಯುವವರು. ಕಥೆ ನನ್ನದು, ಲೆಕ್ಕ ಅವಳದು. ಈ ಸಲದ ಆಟದ ಹೆಸರು ‘ತೆರೆ ಏಳಲಿ’. ಆಡುವವರು ನಾಲ್ಕು ಜನ, ನಾಲ್ವರೂ ಒಂದು ನಾಟಕ ಕಂಪನಿಯ ತೆರೆಮರೆಯ ಕೆಲಸದವರು. ದೀಪ ಒಬ್ಬರದು, ಉಡುಪು ಒಬ್ಬರದು, ಪರದೆ ಒಬ್ಬರದು, ಬಣ್ಣ ಹಚ್ಚುವುದು ಇನ್ನೊಬ್ಬರದು. ಮರಳಿನ ಗಡಿಯಾರ ಸುರಿದು ಮುಗಿಯುವುದರೊಳಗೆ ತೆರೆ ಏಳಬೇಕು. ಆದರೆ ಇಸ್ಪೀಟಿನಂಥ ಎಲೆಗಳನ್ನು ತಿರುವಿದಷ್ಟೂ ಗ್ರಹಚಾರ! ರಾಜನ ಮೀಸೆ ಕಾಣೆ! ಕಾಡಿನ ಪರದೆ ತಲೆಕೆಳಗು! ಖಳನಾಯಕ ಸಂಬಳ ಸಾಲದೆಂದು ಮುನಿಸಿಕೊಂಡು ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದಾನೆ! ನಾಲ್ವರೂ ಕೂಡಿ ಎಲ್ಲವನ್ನೂ ಸರಿಪಡಿಸಬೇಕು. ಸರಿಪಡಿಸಿದವರು ಮೇಜಿನ ನಡುವೆ ವಿರಾಜಿಸುವ ರಾಣಿಯ ಮುಂದೆ ಎದ್ದು ನಿಂತು, ಅವಳ ಕಟ್ಟಿನಿಂದ ಒಂದು ಸಂಭಾಷಣೆಯ ಎಲೆ ಎತ್ತಿ, ಅಭಿನಯದೊಂದಿಗೆ ನುಡಿಯಬೇಕು. ಆಗಲೇ ರಾಣಿಯ ಅಪ್ಪಣೆ, ಆಗಲೇ ಮುಂದಿನ ಹೆಜ್ಜೆ.

ರಾಣಿ ಯಾರು? ಕುರ್ಚಿಯಲ್ಲಿ ಕೂತಿದ್ದಾರಲ್ಲ, ಅವರೇ! ಅವರದೇ ಮುಖ, ಅವರದೇ ಕಿರೀಟ. ಹಿಂದೆ ನಮ್ಮ ನಾಟಕ ಕಂಪನಿಯಲ್ಲಿ ಅವರು ರಾಣಿಯಾಗಿ ಕೊನೆಯ ಸಾಲಿನ ಬೆಂಚಿನವರೆಗೆ ಗುಡುಗುತ್ತಿದ್ದ ಧಾಟಿಯಲ್ಲೇ ನಾನು ಬರೆದ ಮಾತುಗಳು. ಆ ಎಲೆ ನೋಡಿದ ದಿನ ಅಮ್ಮ, “ಮೂಗು ಯಾಕೋ ಇಷ್ಟು ದಪ್ಪ? ನಿಮ್ಮಪ್ಪಂದು ತಂದು ಅಂಟಿಸಿದ್ದೀಯಾ?” ಎಂದು ಬೈದಳು. ಬೈದು, ಎಲೆಯನ್ನು ವಾಪಸು ಕೊಡದೆ ಕನ್ನಡಕದ ಡಬ್ಬಿಯಲ್ಲಿ ಇಟ್ಟುಕೊಂಡಳು.

ಇಷ್ಟಾದ ಮೇಲೆ ಅಣ್ಣ ತಂಗಿಗೆ ಜಗಳ. ತಂಗಿ ಅಂದ ಮಾತು ಇದು: “ನೀನು ಪಕ್ಕದಲ್ಲಿ ನಿಂತು ಕೂಗಿದ್ರೆ ಮಾತ್ರ ಇದು ಆಟ, ಅಣ್ಣ. ನೀನಿಲ್ಲ ಅಂದ್ರೆ ಒಂದು ಡಬ್ಬಿ ರಟ್ಟು.” ಆಹಾ! ಎದೆಗೆ ನಾಟಿತು ಬಾಣ! ಜಗಳದ ಉಳಿದ ಭಾಗ ಸಭೆಗೆ ಬೇಡ. ಅವಳು ಬಿರ್ರನೆ ಎದ್ದು ಹೋದಳು. ನಾನು ಅಂದೇ ಪಣ ತೊಟ್ಟೆ. ಈ ಆಟ ನಾನಿಲ್ಲದೆ ನಿಲ್ಲಬೇಕು. ನನ್ನ ಗಂಟಲಿಲ್ಲದೆ ನಡೆಯಬೇಕು. ನಡೆಸಿಯೇ ತೀರುತ್ತೇನೆ!

ಈಗ ಇಂದಿನ ಅಂಕ. ಆಟಗಳನ್ನು ಅಚ್ಚು ಹಾಕಿಸಿ ಮಾರುವ ಕಂಪನಿಯೊಂದರ ಯಜಮಾನಿ ನಮ್ಮ ಡಬ್ಬಿಯನ್ನು ಕಡೆಯ ಪರೀಕ್ಷೆಗೆ ಕರೆದಿದ್ದರು. ಆ ಪರೀಕ್ಷೆಗೆ ಅಲ್ಲಿನವರು ಇಟ್ಟ ಹೆಸರು ಮೂಕ ಪರೀಕ್ಷೆ. ಆಟವನ್ನು ಹಿಂದೆಂದೂ ಕಾಣದ ನಾಲ್ಕು ಜನರನ್ನು ಕರೆಸಿ, ಡಬ್ಬಿಯನ್ನೂ ನಿಯಮದ ಪುಸ್ತಿಕೆಯನ್ನೂ ಮುಂದಿಟ್ಟು, ಆಡಿ ಅನ್ನುತ್ತಾರೆ. ಆಟ ಕಟ್ಟಿದವನು ಮೂಲೆಯಲ್ಲಿ ಕೂತು ನೋಡಬಹುದು. ತುಟಿ ಬಿಚ್ಚುವಂತಿಲ್ಲ, ತಲೆ ಆಡಿಸುವಂತಿಲ್ಲ. ಯಜಮಾನಿ ಸಣ್ಣ ದನಿಯಲ್ಲಿ ಹೇಳಿದರು: “ನಿಮ್ಮ ವಿಷಯ ಕೇಳಿದ್ದೀನಿ. ಬಾಯಿ ಬಿಟ್ರೆ ಡಬ್ಬಿ ವಾಪಸ್.” ನನಗೆ! ಗುಡುಗಣ್ಣನಿಗೆ! ಮೈಕು ಕೆಟ್ಟರೂ ಮೈಕಿನವನೇ ಗಮನಿಸದಂತೆ ನಾಟಕ ಮುಗಿಸಿದವನಿಗೆ!

ಉದ್ದನೆಯ ಕೋಣೆ. ಗೋಡೆಯ ತುಂಬ ಡಬ್ಬಿಗಳು, ಒಂದರ ಮೇಲೊಂದು. ಒಂದು ಕಾಲು ಗಿಡ್ಡವಾದ ಮೇಜು, ಅದರ ಅಡಿಗೆ ಮಡಚಿ ತುರುಕಿದ ರಟ್ಟು. ಬಂದ ನಾಲ್ವರು: ರಾತ್ರಿ ಪಾಳಿ ಮುಗಿಸಿ ಬಂದ ನರ್ಸಮ್ಮ, ಬ್ಯಾಂಕಿನ ಗುಮಾಸ್ತ, ಹಲ್ಲಿನ ಡಾಕ್ಟರು, ಬೀಗ ರಿಪೇರಿಯವನು. ಬೀಗದವನು ಮೆಲುಮಾತಿನ ಮನುಷ್ಯ. ಹೆಸರು ಕೇಳಿದರೆ ಅದನ್ನೂ ಅರ್ಧ ನುಂಗಿ ಹೇಳುತ್ತಾನೆ. ಹಲ್ಲಿನ ಡಾಕ್ಟರು ಕೂರುವ ಮೊದಲು ನನ್ನನ್ನು ಕಂಡು, “ಏನ್ರೀ, ದವಡೆ ಬಿಗಿ ಹಿಡ್ಕೊಂಡು ಕೂತಿದ್ದೀರಿ, ನೋವಾ? ಸ್ವಲ್ಪ ಬಾಯಿ ತೆಗೀರಿ ನೋಡೋಣ” ಅಂದುಬಿಟ್ಟರು! ಸಭಿಕರೇ, ಇಂಥ ಆಹ್ವಾನವನ್ನು ಜೀವಮಾನದಲ್ಲಿ ಮೊದಲ ಸಲ ತಿರಸ್ಕರಿಸಿದೆ. ಕೈ ಮುಗಿದು ಗೋಡೆ ನೋಡಿದೆ.

ನರ್ಸಮ್ಮ ಪುಸ್ತಿಕೆ ತೆರೆದು ಓದಿದರು: “ರಾಣಿಯ ಕಟ್ಟನ್ನು ಬಿಟ್ಟು, ಉಳಿದ ಎಲೆಗಳನ್ನು ಕಲಸಿ ಹಂಚಿ.” ಬಿಟ್ಟು! ನಾನು ಹೇಳಿದ್ದು ‘ಇಟ್ಟು’. ಮೇಜಿನ ನಡುವೆ ರಾಣಿಯನ್ನು ಇಟ್ಟು, ಉಳಿದದ್ದನ್ನು ಹಂಚಿ ಎಂದು. ಅಚ್ಚಿನಲ್ಲಿ ಒಂದು ಅಕ್ಷರ ಬದಲಾಗಿ ‘ಬಿಟ್ಟು’ ಆಗಿದೆ! ನರ್ಸಮ್ಮನಿಗೆ ಇದೇನು ಗೊತ್ತು? “ರಾಣಿ ಬೇಡ್ವಂತೆ” ಅಂದವರೇ ರಾಣಿಯ ಕಟ್ಟನ್ನು ರಬ್ಬರ್ ಬ್ಯಾಂಡಿನ ಸಮೇತ ಡಬ್ಬಿಯಲ್ಲೇ ಬಿಟ್ಟು ಮುಚ್ಚಳ ಹಾಕಿದರು. ಅಮ್ಮಾ! ನಿನ್ನನ್ನು! ಸಿಂಹಾಸನದಿಂದ ನೇರವಾಗಿ ರಟ್ಟಿನ ಡಬ್ಬಿಗೆ! ನನ್ನ ಕಣ್ಣೆದುರಿಗೆ ನಡೆದ ಈ ಅನ್ಯಾಯವನ್ನು ನಾನು ತಡೆಯುವಂತಿರಲಿಲ್ಲ. ನಾಲಿಗೆಯನ್ನು ಹಲ್ಲಿನ ನಡುವೆ ಕಚ್ಚಿ ಹಿಡಿದೆ. ತೊಡೆ ಚಿವುಟಿಕೊಂಡೆ. ಕಾಲ್ಬೆರಳು ಚಪ್ಪಲಿಯೊಳಗೆ ತಾಂಡವವಾಡಿತು. ಆದರೆ ಬಾಯಿ ತೆರೆಯಲಿಲ್ಲ. ತೆರೆಯಲಿಲ್ಲ ಎಂದರೆ ತೆರೆಯಲಿಲ್ಲ. ರಾಣಿಯಿಲ್ಲದ ದರ್ಬಾರು ಹೇಗಿದ್ದೀತು ಅಮ್ಮ, ನೀನೇ ಊಹಿಸಿಕೋ. ಅದನ್ನು ವರ್ಣಿಸಲು ನನ್ನಿಂದಾಗದು.

ಮೊದಲನೇ ಆಟ ಮುಗಿದ ಮೇಲೆ ಯಜಮಾನಿ ಪುಸ್ತಿಕೆ ತೆಗೆದು ನೋಡಿದರು, ನನ್ನ ಮುಖ ನೋಡಿದರು, ತಪ್ಪು ಏನೆಂದು ಅವರಿಗೇ ಹೊಳೆಯಿತು. “ರಾಣಿ ಮೇಜಿನ ಮೇಲೆ ಇರ್ಬೇಕಿತ್ತು ಅನ್ಸುತ್ತೆ. ಇನ್ನೊಂದ್ಸಲ ಆಡಿ” ಅಂದರು. ಎರಡನೇ ಆಟ. ರಾಣಿ ಡಬ್ಬಿಯಿಂದೆದ್ದು ನಡುಮೇಜಿನಲ್ಲಿ ಕೂತಳು. ನೀನು ರಂಗಕ್ಕೆ ಕಾಲಿಟ್ಟಾಗ ಸಾವಿರ ಜನರ ಸಭೆ ಗಪ್‌ಚಿಪ್ ಆಗುತ್ತಿತ್ತಲ್ಲ ಅಮ್ಮ, ಕೋಣೆ ಹಾಗೇ ನಿಶ್ಶಬ್ದವಾಯಿತು. ಬೀಗದವನು ಮೀಸೆ ಹುಡುಕಿಕೊಟ್ಟು, ಸಂಭಾಷಣೆಯ ಎಲೆ ಹಿಡಿದು ನಿನ್ನ ಮುಂದೆ ಎದ್ದು ನಿಂತ. ನಿಂತವನು ನಿಂತೇ ಇದ್ದ! ಕಿವಿಯ ತುದಿ ಕೆಂಪಾಯಿತು!

ಕೊನೆಗೆ ಯಜಮಾನಿ ನನ್ನ ಹತ್ತಿರ ಬಂದರು. ಏನಂದರು? ಮೇಷ್ಟರೇ, ಉಸಿರು ಬಿಗಿ ಹಿಡಿಯಿರಿ. “ಈ ಆಟ ನಂದು” ಅಂದರು! ಅಚ್ಚು ಹಾಕಿಸುತ್ತಾರೆ. ಅಂಗಡಿ ಅಂಗಡಿಗೆ ಕಳಿಸುತ್ತಾರೆ. ನಿಯಮದ ಪುಸ್ತಿಕೆಯಲ್ಲಿ ಒಂದೆರಡು ಸಣ್ಣಪುಟ್ಟ ಬದಲಾವಣೆ ಕೇಳಿದ್ದಾರೆ. ಅದನ್ನು ಲೆಕ್ಕದವಳೇ ಕೂತು ಬರೆಯಬೇಕಂತೆ, ನಾನು ಕೈ ಹಾಕುವಂತಿಲ್ಲ. ಆಯಿತು, ಒಪ್ಪಿದೆ! ಸಭಿಕರೇ, ಚಪ್ಪಾಳೆ ಹೊಡೆಯಿರಿ. ಭಾವನವರೇ, ನೀವು ಇನ್ನು ಚಪ್ಪಲಿ ಕಳಚಬಹುದು. ಮಂಗಳಂ!

ನಿಮ್ಮೆಲ್ಲರ ವಿಧೇಯ,
ಗುಡುಗಣ್ಣ

ತಾ.ಕ.: ತಂಗೀ, ಈ ಹಾಳೆಯನ್ನು ಗಟ್ಟಿಯಾಗಿ ಓದಬೇಡ. ಕೇಳಿದರೆ ಲೆಕ್ಕದ ವಿಷಯ ಅನ್ನು. ಮೇಷ್ಟರು ಮೇಲೆ ಹೋದ ಮೇಲೆ ಅಡುಗೆಮನೆಯಲ್ಲಿ ನಿಂತು ಓದಿಕೋ.

ಯಜಮಾನಿ ಅಂದದ್ದರಲ್ಲಿ ಅರ್ಧ ಮಾತ್ರ ಮೇಲೆ ಬರೆದಿದ್ದೇನೆ. ಪೂರ್ತಿ ಮಾತು ಹೀಗಿತ್ತು: “ರಾಣಿ ಇಲ್ದಿದ್ರೆ ಈ ಆಟ ನಂದು. ರಾಣಿ ಇದ್ರೆ ನಿಮ್ದೇ, ಮನೆಗೆ ತಗೊಂಡ್ಹೋಗಿ.”

ರಾಣಿಯಿಲ್ಲದ ಮೊದಲನೇ ಆಟ ಹೇಗಿತ್ತು ಗೊತ್ತೇ? ಕುದುರೆಯ ಹಾಗೆ ಓಡಿತು. ಗುಮಾಸ್ತ ನರ್ಸಮ್ಮನ ಕೈಯಿಂದ ಎಲೆ ಕಿತ್ತುಕೊಂಡು, “ಅಯ್ಯೋ ಮೊದಲು ದೀಪ ಕೊಡ್ರೀ!” ಎಂದು ಕಿರುಚಿದ. ಮೀಸೆ ಎಲ್ಲೂ ಸಿಗಲಿಲ್ಲ, ಮರಳು ಮುಗಿಯುತ್ತ ಬಂತು. ಆಗ ಆ ಬೀಗದವನು, ಯಾರೂ ಕೇಳದೆ, ಯಾವ ಎಲೆಯೂ ಹೇಳದೆ, ತಾನಾಗಿಯೇ ಬಾಯಿ ಬಿಟ್ಟ: “ಮೀಸೆ ಇಲ್ದಿದ್ರೆ ಹೋಯ್ತು ಬಿಡ್ರೀ, ರಾಜನಿಗೆ ವೈರಾಗ್ಯ ಬಂತು ಅಂತ ಹೇಳಿ, ಸನ್ಯಾಸಿ ಮಾಡಿ ಕಳ್ಸೋಣ!” ಡಾಕ್ಟರು ನಕ್ಕ ರಭಸಕ್ಕೆ ಕುರ್ಚಿ ಹಿಂದಕ್ಕೆ ವಾಲಿತು. ನಾನು ಮೂಲೆಯಲ್ಲಿ ಕೆನ್ನೆಯೊಳಗೆ ನಗು ಹಿಡಿಯಲಾರದೆ ಕರವಸ್ತ್ರ ಕಚ್ಚಿಕೊಂಡೆ. ನಾನು ವರ್ಷಗಟ್ಟಲೆ ಕೂತು ಬರೆದ ಯಾವ ಸಂಭಾಷಣೆಯೂ ಆ ಮಾತಿನ ಹತ್ತಿರ ಸುಳಿಯುವುದಿಲ್ಲ.

ಎರಡನೇ ಆಟದ ನಿಶ್ಶಬ್ದ ಬೇರೆ ಥರದ್ದು. ಅದೇ ಮನುಷ್ಯ ನನ್ನ ಸಾಲುಗಳನ್ನು ಕೈಯಲ್ಲಿ ಹಿಡಿದು, ಪಾಠ ಒಪ್ಪಿಸಲು ಬಾರದ ಹುಡುಗನಂತೆ ನಿಂತ. ಬೆವರಿದ. ಎಲೆಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, “ಅಂಗಡಿ ತೆಗೀಬೇಕು, ಟೈಮಾಯ್ತು” ಎಂದು ಹೊರಟುಹೋದ. ಇಂದು ಭಾನುವಾರ. ಅವನ ಅಂಗಡಿಗೆ ರಜ. ಅವನೇ ಬಂದಾಗ ಹೇಳಿದ್ದ.

ನೀನು ಇದನ್ನೇ ಹೇಳಿದ್ದೆ. ರಾಣಿಯನ್ನು ತೆಗಿ ಅಣ್ಣ, ಜನ ನಾಚಿಕೊಳ್ತಾರೆ, ಎಲ್ಲರೂ ನಾಟಕದ ಮನೇಲಿ ಹುಟ್ಟಿರಲ್ಲ ಅಂದಿದ್ದೆ. ‘ಇಟ್ಟು’ ಎಂದು ನಾನು ಹೇಳಿ ಬರೆಸುವಾಗ ಪಕ್ಕದ ಬೀದಿಗೂ ಕೇಳಿಸಿರಬೇಕು. ಕೀಲಿಮಣೆಯ ಮುಂದೆ ಕೂತ ನಿನಗೆ ಮಾತ್ರ ‘ಬಿಟ್ಟು’ ಕೇಳಿಸಿತೇ? ಬೆರಳು ಜಾರಿತೋ, ಜಾರಿಸಿದೆಯೋ, ನಾನು ಕೇಳುವುದಿಲ್ಲ. ನೀನೂ ಹೇಳಬೇಡ.

ರಾಣಿ ಹೋಗುತ್ತಾಳೆ. ಇದು ನಿರ್ಧಾರ. ನಾಳೆ ಸಂಜೆಯೊಳಗೆ ಹೇಳಿ ಎಂದು ಯಜಮಾನಿ ಅಂದಿದ್ದಾರೆ, ಹೇಳುತ್ತೇನೆ. ಆದರೆ ಅದಕ್ಕೆ ಮೊದಲು ಅಮ್ಮನಿಗೆ ಗೊತ್ತಾಗಬೇಕು. ಹಿಂದೆ ನಮ್ಮ ನಾಟಕ ಕಂಪನಿಯ ಮಾಲೀಕ ಅಮ್ಮನ ಕೈಯಿಂದ ರಾಣಿಯ ಪಾತ್ರ ಕಿತ್ತು ಬೇರೆಯವಳಿಗೆ ಕೊಟ್ಟದ್ದು ನಿನಗೆ ನೆನಪಿರಲಾರದು, ನೀನು ಚಿಕ್ಕವಳು. ಅವನಿಗೆ ಎದುರು ನಿಂತು ಹೇಳುವ ಧೈರ್ಯವಿರಲಿಲ್ಲ. ಅಮ್ಮ ತರಕಾರಿ ತರಲು ಹೋದವಳು ಗೋಡೆಗೆ ಅಂಟಿಸಿದ ಪೋಸ್ಟರಿನಲ್ಲಿ ಬೇರೆಯವಳ ಮುಖ ನೋಡಿ ತಿಳಿದುಕೊಂಡಳು. ಚೀಲ ಹಿಡಿದು ಅಲ್ಲೇ ನಿಂತಿದ್ದಳು. ನಾನು ಅವಳ ಪಕ್ಕದಲ್ಲಿದ್ದೆ. ಪಾತ್ರ ಹೋದದ್ದಕ್ಕೆ ಅವಳು ಅಳಲಿಲ್ಲ. “ಒಂದು ಮಾತು ಹೇಳ್ಬಹುದಿತ್ತಲ್ಲ” ಎಂದಳು, ಅಷ್ಟೇ.

ಅದಕ್ಕೇ ಈ ಸುದ್ದಿ ಅವಳಿಗೆ ಕಾಗದದಲ್ಲಿ ಹೋಗಕೂಡದು. ನಿನ್ನ ಬಾಯಿಂದಲೂ ಬೇಡ. ಮೇಲಿನ ಹಾಳೆಗಳಲ್ಲಿ ಅಷ್ಟು ಗುಡುಗಿ ಮುಚ್ಚಿಟ್ಟದ್ದು ಈ ಒಂದು ರಾತ್ರಿಯ ಮಟ್ಟಿಗೆ ಮಾತ್ರ.

ನಾಳೆ ಬೆಳಗ್ಗೆ ಮೊದಲನೇ ಬಸ್ಸಿಗೆ ಹೊರಟು ಬರುತ್ತೇನೆ. ಗಂಟೆ ಹೊಡೆದರೆ ನೀನು ಬರಬೇಡ, ಅವಳೇ ಬಾಗಿಲು ತೆಗೆಯಲಿ. ಅವಳ ಎದುರಿಗೆ ನೆಲದ ಮೇಲೆ ಕೂತು, ಸಣ್ಣ ದನಿಯಲ್ಲಿ, ಒಂದೇ ಒಂದು ವಾಕ್ಯದಲ್ಲಿ ಹೇಳುತ್ತೇನೆ. ಆಮೇಲೆ ಅವಳು ಎಷ್ಟು ಹೊತ್ತು ಬೇಕಾದರೂ ಬೈಯಲಿ. ನಾನು ಬಾಯಿ ತೆರೆಯುವುದಿಲ್ಲ.