ಗಡಿಬಿಡಿಯನ್ನು ಕರೆದದ್ದು

ಸೋಮವಾರ, ಮಾರ್ಚ್ ೧೨

ಮುದ್ದಿನ ಮಗಳೇ,

ನಿನಗೂ ಪುಟ್ಟಿಗೂ ಈ ಮಾವನ ಗಟ್ಟಿ ಗಂಟಲಿನ ಆಶೀರ್ವಾದ. ನಿನ್ನ ಕೊನೆಯ ಎರಡು ಕಾಗದಗಳಿಗೆ ಉತ್ತರ ಬರೆಯದೆ ಕೂತಿದ್ದೆ. ಬೈಯುವುದಿದ್ದರೆ ಬೈದುಬಿಡು, ಆದರೆ ಓದುತ್ತಾ ಅರ್ಧಕ್ಕೆ ಎದ್ದು ಹೋಗಬೇಡ. ಪ್ರೇಕ್ಷಕರು ಅರ್ಧಕ್ಕೆ ಎದ್ದರೆ ಈ ಹಳೆಯ ನಟನಿಗೆ ಇವತ್ತಿಗೂ ಮಾತು ಮರೆಯುತ್ತದೆ. ಫೋನ್ ಮಾಡೋಣವೆಂದರೆ ನೀನು ಎತ್ತುವವಳಲ್ಲ. ನಿನ್ನ ಗಂಡ ಕರೆ ಮಾಡಿದಾಗ ಲೈನು ಖಾಲಿ ಇರಬೇಕು ಎಂದು ಪ್ರವಾಹ ಇಳಿದ ದಿನದಿಂದ ಯಾರ ಕರೆಯನ್ನೂ ಎತ್ತಿಲ್ಲ. ಅದಕ್ಕೇ ಈ ಕಾಗದ.

ಮೊದಲು ಊರಿನ ಸುದ್ದಿ ಹೇಳಿಬಿಡುತ್ತೇನೆ. ನದಿಯ ಒಡ್ಡು ಒಡೆದ ಜಾಗದಲ್ಲಿ ಹೊಸ ಗೋಡೆ ಎದ್ದಿದೆ. ಬೀದಿಯ ಅಂಗಡಿಗಳೆಲ್ಲ ಬಣ್ಣ ಬಳಿದುಕೊಂಡಿವೆ, ಆದರೂ ಎರಡನೇ ಮಹಡಿಯ ಕಿಟಕಿಯ ಮಟ್ಟದಲ್ಲಿ ನೀರು ನಿಂತಿದ್ದ ಆ ಕಂದು ಗೆರೆ ಬಣ್ಣದೊಳಗಿಂದ ಮತ್ತೆ ಮೂಡುತ್ತದೆ. ಪೇಂಟರ್ ಮೂರು ಸಲ ಬಳಿದು, "ನನ್ನಿಂದಾಗಲ್ಲ ಸಾರ್, ಗೋಡೆಗೇ ಜ್ವರ ಬಂದಿದೆ" ಎಂದು ಏಣಿ ಹೊತ್ತುಕೊಂಡು ನಡೆದ. ನಮ್ಮ ರಂಗಮಂದಿರದ ಕುರ್ಚಿಗಳನ್ನು ಬಿಸಿಲಿಗೆ ಹಾಕಿದ್ದಾರೆ. ಸಾಲುಸಾಲಾಗಿ, ಖಾಲಿಯಾಗಿ, ರಸ್ತೆಯ ಕಡೆ ಮುಖ ಮಾಡಿ ನಿಂತಿವೆ. ಅವುಗಳ ಮುಂದೆ ಹಾದುಹೋಗುವಾಗಲೆಲ್ಲ ನನಗೆ ಅರಿವಿಲ್ಲದೆಯೇ ಕೈಮುಗಿಯುತ್ತೇನೆ. ಯಾರೋ ಕೂತಿದ್ದಾರೆ ಅನಿಸುತ್ತದೆ.

ನಿನ್ನೆ ಮ್ಯಾರಥಾನ್ ನಡೆಯಿತು. ಮಕ್ಕಳ ಆಸ್ಪತ್ರೆ ಕೊಚ್ಚಿಹೋಗಿತ್ತಲ್ಲ, ಅದನ್ನು ಮತ್ತೆ ಕಟ್ಟುವುದಕ್ಕಾಗಿ ಓಟ. ಎಲ್ಲೆಲ್ಲಿಂದಲೋ ಬಂದ ಅಪರಿಚಿತರು ಓಡಿದರು. ಇದರಲ್ಲೊಂದು ಕ್ರಮವಿತ್ತು: ಓಡುವವರು ಎದೆಗೆ ತಮ್ಮ ನಂಬರು ಹಾಕಿಕೊಳ್ಳುವುದಿಲ್ಲ. ನೀರಿನಲ್ಲಿ ಹೋದ ಒಬ್ಬರ ಹೆಸರಿರುವ ಬಟ್ಟೆಯ ತುಂಡನ್ನು ಚುಚ್ಚಿಕೊಳ್ಳಬೇಕು. ಅದೂ ಸರ್ಕಾರಿ ಹೆಸರಲ್ಲ, ಮನೆಯಲ್ಲಿ ಕರೆಯುತ್ತಿದ್ದ ಹೆಸರು. ಓಟದ ಕೊನೆಯ ಗೆರೆ ದಾಟುವಾಗ ಆ ಹೆಸರನ್ನು ಮೈಕಿನಲ್ಲಿ ಕೂಗಲು ಒಬ್ಬ ಬೇಕಲ್ಲ? ಇಡೀ ಊರಿನಲ್ಲಿ ಗುಡುಗು ಎಂದು ಅಡ್ಡಹೆಸರು ಪಡೆದವನು ನಾನೊಬ್ಬನೇ. ಓಟದ ಸಮಿತಿಯ ಕಾರ್ಯದರ್ಶಿ ಹುಡುಗಿ ಮನೆಗೇ ಬಂದು ಒಪ್ಪಿಸಿದಳು.

ಆಗಲೇ ನೀನು ಬರೆದೆ: "ನಿಮ್ಮ ಮಗನ ಹೆಸರು ಮಾತ್ರ ಕೊಡಬೇಡಿ ಮಾವ. ನೀವೇ ಬಾಯಾರೆ ಕೂಗಿ ಗೆರೆ ದಾಟಿಸಿದ ಮೇಲೆ ನಾನು ಯಾರಿಗಾಗಿ ಕಾಯಲಿ?" ನಾನು ಅಂದೇ ಒಂದು ಕಾರ್ಡು ಬರೆದು ಮಾತು ಕೊಟ್ಟೆ. ಆ ಮಾತಿಗೆ ಏನಾಯಿತು ಎಂದು ಹೇಳುವುದಕ್ಕೇ ಈ ಕಾಗದ.

ನಿನ್ನತ್ತೆ ಆ ಬಟ್ಟೆತುಂಡುಗಳಿಗೆ ಹೆಸರು ಹೊಲಿಯುವ ಕೆಲಸ ಹಿಡಿದಿದ್ದಳು. ನಾಟಕ ಕಂಪನಿಯ ರಾಜರಾಣಿಯರಿಗೆಲ್ಲ ಜರಿ ಹೊಲಿದ ಕೈ ಅದು. ಮಿಷನ್ನಿನ ಮುಂದೆ ಕೂತು ಒಂದೊಂದೇ ಹೆಸರನ್ನು ಬಾಯಲ್ಲಿ ಹೇಳಿಕೊಂಡು ಹೊಲಿಯುತ್ತಿದ್ದಳು. ಚಿನ್ನಿ. ಉಂಡೆ. ಮೇಷ್ಟ್ರು. ಬೆಕ್ಕಿನಮರಿ. ನಾನು ಪಕ್ಕದ ಕೋಣೆಯಲ್ಲಿ ಕೂತು ಕೇಳುತ್ತಿದ್ದೆ. ಮನೆ ತುಂಬಾ ಜನ ಬಂದು ಮಾತಿಲ್ಲದೆ ನಿಂತ ಹಾಗಿತ್ತು.

ಇನ್ನು ಓಟದ ದಿನ. ಪರದೆ ಸರಿಯಿತು ಎಂದುಕೋ! ಎತ್ತರದ ವೇದಿಕೆ, ಕೈಯಲ್ಲಿ ಮೈಕು, ಬೇಲಿಯಾಚೆ ಊರಿಗೆ ಊರೇ ನೆರೆದಿದೆ. ಕಾರ್ಯದರ್ಶಿ ಕಿವಿಯಲ್ಲಿ, "ಹೆಸರು ಮಾತ್ರ ಹೇಳಿ ಸಾರ್, ಬೇರೇನೂ ಸೇರಿಸ್ಬೇಡಿ" ಎಂದಿದ್ದಳು. ಆದರೆ ಜೀವಮಾನವಿಡೀ ಪಾತ್ರಗಳನ್ನು ರಂಗಕ್ಕೆ ಕರೆದ ಬಾಯಿ ಮಗಳೇ, ಅದಕ್ಕೆ ಬೀಗವೆಲ್ಲಿದೆ? ಮೊದಲನೆಯವನು, ಉದ್ದ ಕಾಲಿನ ಯಾರೋ ಒಬ್ಬ, ಗೆರೆ ಮುಟ್ಟಿದ. ಅವನ ಎದೆಯ ಮೇಲೆ 'ಚಿನ್ನಿ' ಎಂದಿತ್ತು. ನಾನು ಅಭ್ಯಾಸಬಲದಿಂದ ಗುಡುಗಿದೆ: "ಇಗೋ, ಚಿನ್ನಿ ಬಂದಳು!"

ಬೇಲಿಯ ಬಳಿ ಬೇಕರಿಯವಳು ದಿಗ್ಗನೆ ಎದ್ದಳು. ಚಿನ್ನಿ ಅವಳ ಮಗಳು. ಬೇಲಿ ಸರಿಸಿ ಒಳಗೆ ಬಂದು, ಬಗ್ಗಿ ಉಸಿರು ಬಿಡುತ್ತಿದ್ದ ಆ ಓಟಗಾರನ ತೋಳು ಹಿಡಿದಳು.

"ಎಲ್ಲಿ?" ಎಂದಳು.

"ಏನಮ್ಮಾ?"

"ಬಂದಳು ಅಂದ್ರಲ್ಲ. ಎಲ್ಲಿ ಅವಳು?"

ಅವನು ಹಿಂದೆ ತಿರುಗಿ ನೋಡಿದ. ಅವಳೂ ನೋಡಿದಳು. ರಸ್ತೆಯಲ್ಲಿ ನೀರಿನ ಲೋಟಗಳು ಗಾಳಿಗೆ ಉರುಳುತ್ತಿದ್ದವು, ಅಷ್ಟೇ.

ಕಾರ್ಯದರ್ಶಿ ನನ್ನನ್ನು ನುಂಗುವ ಹಾಗೆ ನೋಡಿದಳು. ಎರಡನೆಯ ಹೆಸರನ್ನು ನಾನು ಬರೀ ಹೆಸರಾಗಿ ಓದಿದೆ. ಕೂಡಲೇ ಬೇಲಿಯಾಚೆಯಿಂದ ಒಬ್ಬ ಮುದುಕ ಕೂಗಿದ, "ಏನಯ್ಯಾ ಗುಡುಗು, ಅವಳ ಮಗಳು ಬಂದಳು, ನನ್ನ ತಮ್ಮ ಬರಲಿಲ್ವಾ? ಹೇಳಯ್ಯಾ ಸರಿಯಾಗಿ!" ಆಮೇಲೆ ನನ್ನನ್ನು ತಡೆಯುವವರಿರಲಿಲ್ಲ. ಉಂಡೆ ಬಂದ! ಮೇಷ್ಟ್ರು ಬಂದರು! ಬೆಕ್ಕಿನಮರಿ ಬಂದಳು! ಪ್ರತಿ ಕೂಗಿಗೂ ಒಂದು ಮನೆಯವರು ಎದ್ದು ನಿಲ್ಲುತ್ತಿದ್ದರು. ಯಾರೂ ಓಟಗಾರನ ಮುಖ ನೋಡಲಿಲ್ಲ. ಅವನ ಬೆನ್ನ ಹಿಂದಿನ ಖಾಲಿ ರಸ್ತೆಯನ್ನೇ ನೋಡುತ್ತಿದ್ದರು. ನಾನೂ ನೋಡುತ್ತಿದ್ದೆ. ಅಷ್ಟು ಜನ ಬರುವುದನ್ನು ನಾನು ಯಾವ ನಾಟಕದಲ್ಲೂ ಕಂಡಿಲ್ಲ, ಅಷ್ಟು ಖಾಲಿ ರಂಗವನ್ನೂ ಕಂಡಿಲ್ಲ.

ಓಡಲಾರದವರಿಗೆ ಸೇತುವೆಯಿಂದ ಗೆರೆಯ ತನಕ ನಡೆಯುವ ಅವಕಾಶವಿತ್ತು. ಅವರೂ ಬಂದು ಮುಗಿದರು. ಮೈಕು ಕೆಳಗಿಡಬೇಕು, ಅಷ್ಟರಲ್ಲಿ ಸೇತುವೆಯ ಕಡೆಯಿಂದ ಒಬ್ಬಳು ಮಂಡಿ ನೋವಿಗೆ ವಾಲುತ್ತಾ ಬರುತ್ತಿದ್ದಳು. ನಿನ್ನತ್ತೆ! ಒಂದು ತಿಂಗಳಿಂದ ಬೆಳಗಾದರೆ ಹಾಲಿಗೆ ಹೋಗುತ್ತೇನೆಂದು ಹೊರಟು ಬೆವರಿಕೊಂಡು ಬರುತ್ತಿದ್ದಳು. "ಹಾಲಿನವನು ಹಸು ಓಡಿಸ್ಕೊಂಡು ಹಾಲು ಕರೀತಾನೇನೇ?" ಎಂದು ಗೇಲಿ ಮಾಡಿದ್ದೆ. ಈಗ ತಿಳಿಯಿತು. ಅವಳ ಸ್ವೆಟರಿನ ಮೇಲೆ ಅವಳದೇ ಹೊಲಿಗೆಯಲ್ಲಿ ನಮ್ಮ ಮಗನ ಹೆಸರು, 'ಗಡಿಬಿಡಿ' ಎಂದಿತ್ತು.

ಗೆರೆಯಿಂದ ಒಂದು ಹೆಜ್ಜೆ ಹಿಂದೆ ನಿಂತು ತಲೆಯೆತ್ತಿದಳು. "ಕರೀರಿ."

ರಂಗದಲ್ಲಿ ಯಾರಾದರೂ ಬರುವುದು ತಡವಾದರೆ ಏನೋ ಒಂದು ಮಾತಾಡಿ ಹೊತ್ತು ತುಂಬಿಸುವುದರಲ್ಲಿ ನಾನು ಗಟ್ಟಿಗ. ಅದನ್ನೇ ಮಾಡಿದೆ. ದಾನಿಗಳಿಗೆ ವಂದನೆ ಎಂದೆ, ಬಿಸಿಲು ಹೆಚ್ಚಾಯಿತು ಎಂದೆ, ನೀರಿನ ಲಾರಿ ಹಿಂದೆ ನಿಂತಿದೆ ಎಂದೆ.

"ಸಾಕು ಮಾಡಿ ನಿಮ್ಮ ನಾಟಕ," ಎಂದಳು. "ವರ್ಷವಾಯ್ತು, ಬಾಗಿಲಿಗೆ ಚಿಲಕ ಹಾಕ್ದೆ ಮಲಗ್ತಿದ್ದೀನಿ. ನನಗೆ ಸುಸ್ತಾಗಿದೆ ಕಣ್ರೀ. ಬಂದ ಅಂದುಬಿಡಿ, ಮುಗೀಲಿ."

ನಾನು ಮೈಕು ಇಟ್ಟು ಕೆಳಗಿಳಿದೆ. "ಸೊಸೆಗೆ ಮಾತು ಕೊಟ್ಟಿದ್ದೀನಿ ಕಣೇ."

ಅವಳು ಗೆರೆಯಿಂದ ಕಣ್ಣೆತ್ತಿ ಸೇತುವೆಯ ಕಡೆ ತಿರುಗಿದಳು. "ಹಾಗಾದ್ರೆ ಬಂದ ಅನ್ನಬೇಡಿ. ಮನೇಲಿ ಕರೀತಿದ್ರಲ್ಲ, ಹಾಗೆ ಒಂದ್ಸಲ ಕರೀರಿ. ಅವನೇ ಹೇಳ್ಲಿ."

ನಿನಗೆ ನಮ್ಮ ಮನೆಯ ಕಟ್ಟಳೆ ಗೊತ್ತಲ್ಲ. ರಂಗದ ಪಕ್ಕದ ಮರೆಯಲ್ಲಿ, ಸೈಡ್‌ವಿಂಗಿನಲ್ಲಿ ನಿಂತ ನಟ ತನ್ನ ಹೆಸರು ಕೇಳಿದ ಕೂಡಲೇ "ಬಂದೆ" ಎನ್ನಬೇಕು, ಇಲ್ಲವಾದರೆ ರಂಗದ ಮೇಲಿದ್ದವನಿಗೆ ಎದೆ ಒಡೆಯುತ್ತದೆ. ಅದನ್ನೇ ಮಗನಿಗೂ ಕಲಿಸಿದ್ದೆ. ಸ್ನಾನದ ಮನೆಯಲ್ಲಿರಲಿ, ತಾರಸಿಯಲ್ಲಿರಲಿ, ಯಾವುದೋ ಕಟ್ಟಡದ ಲಿಫ್ಟು ರಿಪೇರಿಗೆ ಹೊರಟು ಮೆಟ್ಟಿಲಿಳಿಯುತ್ತಿರಲಿ, ಕರೆದರೆ ಸಾಕು, "ಬಂದೇ!" ಕೊನೆಯ ದಿನವೂ ಹಾಗೇ ಅಂದು, ಬಾರದೆ ಇಳಿದು ಹೋದ. ನೀರು ಏರುತ್ತಿದೆ, ಯಾರೋ ಲಿಫ್ಟಿನಲ್ಲಿ ಸಿಕ್ಕಿಕೊಂಡಿದ್ದಾರೆಂದು ಅವಸರ.

ನಾನು ಸೇತುವೆಯ ಕಡೆ ತಿರುಗಿ, ಮೈಕಿಲ್ಲದೆ ಕರೆದೆ. "ಗಡಿಬಿಡೀ..."

ಬೇಲಿಯಾಚೆಯ ಜನರೆಲ್ಲ ಆ ಕಡೆ ತಿರುಗಿದರು. ಒಂದು ಕೆಮ್ಮೂ ಇಲ್ಲ. ಹೊಸ ಗೋಡೆಗೆ ಬಡಿದು ನನ್ನ ಧ್ವನಿಯೇ ನನಗೆ ವಾಪಸು ಬಂತು.

ನಿನ್ನತ್ತೆ ಕತ್ತು ಚಾಚಿ ಕಾದಳು. ಮುಗಿಸಲೆಂದೇ ಅಷ್ಟು ದೂರ ನಡೆದು ಬಂದವಳು, ಕಾದಳು. ಆಮೇಲೆ ಪಿನ್ನು ಬಿಚ್ಚಿ ಬಟ್ಟೆಯನ್ನು ನೀಟಾಗಿ ಮಡಚಿ ನನ್ನ ಜೇಬಿಗೆ ತುರುಕಿದಳು. "ಹೆಸರಿಗೆ ಗಡಿಬಿಡಿ. ಯಾವಾಗ ತಾನೇ ಹೊತ್ತಿಗೆ ಸರಿಯಾಗಿ ಬಂದಿದ್ದ? ಇನ್ನೂ ಬಂದಿಲ್ಲ ಅಂತ ಬರೀರಿ ಅವಳಿಗೆ." ಗೆರೆ ದಾಟದೆ, ಪಕ್ಕದ ಫುಟ್‌ಪಾತಿನಿಂದ ಸುತ್ತಿಕೊಂಡು ಮನೆಗೆ ನಡೆದಳು. ನಾನು ಹಿಂದೆ ಹೋದೆ. ರಾತ್ರಿಯೂ ಅವಳು ಬಾಗಿಲಿಗೆ ಚಿಲಕ ಹಾಕಲಿಲ್ಲ.

ಆದ್ದರಿಂದ ಬರೆಯುತ್ತಿದ್ದೇನೆ: ಇನ್ನೂ ಬಂದಿಲ್ಲ. ಮಾತು ಉಳಿಸಿಕೊಂಡಿದ್ದೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡು, ನಿನ್ನ ಕಣ್ಣಿಗೆ ನಿದ್ದೆ ಬರಲಿ, ಪುಟ್ಟಿ ನನಗಿಂತ ದೊಡ್ಡ ಗಂಟಲಿನವಳಾಗಿ ಬೆಳೆಯಲಿ.

ಇಂತಿ,
ನಿನ್ನ ಮಾವ,
ಗುಡುಗು

ತಾ.ಕ.: ನಿನ್ನತ್ತೆಗೆ ಇದನ್ನು ಹೇಳಿಲ್ಲ. ನಿನ್ನೆ ಗೆರೆಯ ಹಿಂದೆ ನಿಂತು ಅವಳು ಕಿವಿಯೊಳಗೇ ಅವನ "ಬಂದೇ" ಕೇಳಿಸಿಕೊಂಡಳು, ಅವಳ ಮುಖ ನೋಡಿದರೆ ತಿಳಿಯುತ್ತಿತ್ತು. ನನಗೆ ಏನೂ ಕೇಳಲಿಲ್ಲ. ಸತ್ತುಹೋದ ನಟರೆಲ್ಲರ ಧ್ವನಿ ನನ್ನ ಗಂಟಲಲ್ಲಿದೆ, ಕೇಳಿದರೆ ಈಗಲೇ ಆಡಿ ತೋರಿಸಬಲ್ಲೆ. ನನ್ನ ಮಗನ ಧ್ವನಿ ಹೋಗಿಬಿಟ್ಟಿದೆ ಮಗಳೇ. ಎಷ್ಟು ಹುಡುಕಿದರೂ ಸಿಗುತ್ತಿಲ್ಲ. ಪುಟ್ಟಿ ಈಗ ಕರೆದರೆ "ಬಂದೇ" ಅನ್ನುತ್ತಾಳೆ, ಥೇಟ್ ಅವರಪ್ಪನ ಹಾಗೆ, ಎಂದು ನೀನು ಬರೆದಿದ್ದೆ. ಭಾನುವಾರ ಬೆಳಿಗ್ಗೆ ಫೋನ್ ಮಾಡುತ್ತೇನೆ. ಆ ಒಂದು ಗಳಿಗೆ ಲೈನು ನನಗೆ ಕೊಡು. ನನ್ನ ಜೊತೆ ಮಾತಾಡಬೇಡ. ಫೋನನ್ನು ಮೇಜಿನ ಮೇಲಿಟ್ಟು, ದೂರದ ಕೋಣೆಯಲ್ಲಿರುವ ಪುಟ್ಟಿಯನ್ನು ಕರೆ.